ಕೋವಿಗೆ ಲೈಸೆನ್ಸ್ ಇದೆ, ಬೇಟೆಗೆ ಇದೆಯೇ? ಗಡಿನಾಡಿನ ಕೃಷಿಕರು ತಿಳಿದಿರಬೇಕಾದ ನಿಯಮಗಳು

ರಾತ್ರಿ ಹತ್ತು ಗಂಟೆ ಕಳೆದಿದೆ. ಗುಡ್ಡದ ಬದಿಯ ಮರಗೆಣಸಿನ ಸಾಲಿನಲ್ಲಿ ಮಣ್ಣು ಕೆದರುವ ಸದ್ದು. ನಾಯಿ ಬೊಗಳುತ್ತದೆ. ಮನೆಯ ಯಜಮಾನ ಹೆಡ್‌ಲೈಟ್ ಕಟ್ಟಿಕೊಂಡು, ಅಜ್ಜನ ಕಾಲದ ಕೇಪಿನ ಕೋವಿ ಹಿಡಿದು ಅಂಗಳಕ್ಕಿಳಿಯುತ್ತಾನೆ. ತೋಟ ಇರುವುದು ಕೇರಳದಲ್ಲಿ. ತೋಟದ ಕೆಳಗಿನ ತೋಡು ದಾಟಿದರೆ ಕರ್ನಾಟಕ. ಹಂದಿಗಳಿಗೆ ಈ ಗಡಿ ಗೊತ್ತಿಲ್ಲ. ಆದರೆ ಕೋವಿಗೆ ಗೊತ್ತಿರಬೇಕು.

ಎಣ್ಮಕಜೆ, ಪೈವಳಿಕೆ, ದೇಲಂಪಾಡಿ, ಕಾರಡ್ಕದಂಥ ಕಡೆಗಳಲ್ಲಿ ಇಂಥ ರಾತ್ರಿಗಳು ಹೊಸತಲ್ಲ. ವಯನಾಡು, ನೀಲಗಿರಿ, ತಾಳವಾಡಿಯ ಕನ್ನಡಿಗರಿಗೂ ಇದೇ ಪಾಡು. ಬಾಳೆ, ಕೆಸು, ಮರಗೆಣಸು, ಎಳೆಯ ತೆಂಗು ಒಂದೇ ರಾತ್ರಿಗೆ ನೆಲಸಮವಾದಾಗ ಕೋವಿಯ ನೆನಪಾಗುವುದು ಸಹಜ. ಆದರೆ ಯಾವ ಆಯುಧವನ್ನು, ಯಾರು, ಎಲ್ಲಿಯವರೆಗೆ, ಯಾವ ಪ್ರಾಣಿಯ ಮೇಲೆ ಎತ್ತಬಹುದು ಎಂಬ ಬಗ್ಗೆ ಹಳ್ಳಿಗಳಲ್ಲಿ ಈಗಲೂ ಹತ್ತಾರು ತಪ್ಪು ಕಲ್ಪನೆಗಳಿವೆ. ಬೆಳೆಯ ಜೊತೆಗೆ ಕೋವಿಯನ್ನೂ ಕಳೆದುಕೊಂಡು, ಕೋರ್ಟು ಕಚೇರಿ ಅಲೆಯುವಂತಾಗುವುದು ಇದರಿಂದಲೇ.

ಎರಡು ಕಾಯಿದೆ, ಎರಡು ಅನುಮತಿ

ಮೊದಲು ತಿಳಿಯಬೇಕಾದ ಮಾತು ಇಷ್ಟೆ. ಕೋವಿ ಇಟ್ಟುಕೊಳ್ಳುವುದು ಒಂದು ವಿಷಯ, ಪ್ರಾಣಿಗೆ ಈಡು ಹೊಡೆಯುವುದು ಬೇರೆಯೇ ವಿಷಯ. ಮೊದಲನೆಯದನ್ನು ನೋಡಿಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯಿದೆ. ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಕೋವಿಯ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಪ್ರಾಣಿಯ ಮೇಲಿನ ಅಧಿಕಾರ ಅರಣ್ಯ ಇಲಾಖೆಯದು. ಒಂದು ಕಾಗದ ಇನ್ನೊಂದರ ಬದಲಿಗೆ ನಡೆಯುವುದಿಲ್ಲ. "ಬೆಳೆ ರಕ್ಷಣೆಗೆಂದೇ ಲೈಸೆನ್ಸ್ ಕೊಟ್ಟಿದ್ದಾರಲ್ಲ, ಹಂದಿಗೆ ಹೊಡೆದರೆ ತಪ್ಪೇನು" ಎಂದು ಕೇಳುವವರಿದ್ದಾರೆ. ಆ ಲೈಸೆನ್ಸಿನ ಬಲದಿಂದ ಕೋವಿ ಮನೆಯಲ್ಲಿ ಇರಬಹುದು. ಗಾಳಿಯಲ್ಲಿ ಈಡು ಹೊಡೆದು ಹೆದರಿಸುವುದು ಬೇರೆ, ಹಂದಿಯನ್ನು ಕೊಲ್ಲುವುದು ಬೇರೆ. ಕೊಲ್ಲಲು ಪ್ರತ್ಯೇಕ ಲಿಖಿತ ಆದೇಶ ಬೇಕು.

ಹಿರಿಯರು ಹೇಳುವ 'ಶಿಕಾರಿ ಲೈಸೆನ್ಸ್' ಏನಾಯಿತು?

"ನಮ್ಮ ಕಾಲದಲ್ಲಿ ಶಿಕಾರಿಗೂ ಲೈಸೆನ್ಸ್ ಇತ್ತು" ಎಂದು ಹಿರಿಯರು ಹೇಳುವುದು ಸುಳ್ಳಲ್ಲ. 1972ರ ಕಾಯಿದೆ ಬಂದಾಗ ಅದರಲ್ಲಿ ಬೇಟೆಯ ಪರವಾನಗಿಗೇ ಒಂದು ವ್ಯವಸ್ಥೆ ಇತ್ತು. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಮೂರು ಬಗೆ. ಪ್ರಾಣಿಗಳನ್ನು ಹಿಡಿಯಲು ಮತ್ತೊಂದು ಬಗೆಯ ಪರವಾನಗಿ. ಯಾವ ಪ್ರಾಣಿಗೆ ಯಾವ ಆಯುಧ ಎಂಬುದನ್ನೂ ಕಾಯಿದೆಯ 17ನೇ ಸೆಕ್ಷನ್ ಬಿಡಿಸಿ ಹೇಳುತ್ತಿತ್ತು.

ವಿಶೇಷ ಹಾಗೂ ದೊಡ್ಡ ಬೇಟೆಯ ಪ್ರಾಣಿಗೆ ರೈಫಲ್ಲನ್ನೇ ಬಳಸಬೇಕು. ಚರೆ ಕೋವಿ ಬಳಸುವುದಾದರೆ ಒಂಟಿ ಗುಂಡಿನ ತೋಟಾ ಹಾಕಿ ಹೊಡೆಯಲು ಪರವಾನಗಿಯಲ್ಲಿ ವಿಶೇಷ ಅನುಮತಿ ಇರಬೇಕು. ಚರೆ ತಗುಲಿದ ಪ್ರಾಣಿ ಸಾಯದೆ, ಕೊಳೆತ ಗಾಯ ಹೊತ್ತು ದಿನಗಟ್ಟಲೆ ಕಾಡಿನಲ್ಲಿ ಅಲೆಯುತ್ತದೆ ಎಂಬುದು ಈಡುಗಾರರಿಗೆಲ್ಲ ಗೊತ್ತಿದ್ದ ಸಂಗತಿ. ಸೂರ್ಯ ಮುಳುಗಿದ ಮೇಲೆ ಉದಯದವರೆಗೆ ಬೇಟೆ ಇಲ್ಲ. ಟಾರ್ಚು, ಜೀಪಿನ ಲೈಟು ಬಿಟ್ಟು ಹೊಡೆಯುವಂತಿಲ್ಲ. ಇವೆರಡಕ್ಕೂ ವಿನಾಯಿತಿ ಇದ್ದದ್ದು ವಿಶೇಷ ಅನುಮತಿ ಪಡೆದವರಿಗೆ ಮಾತ್ರ. ವಾಹನದಲ್ಲಿ ಕುಳಿತು, ಬೆಂಕಿ ಹಾಕಿ, ವಿಷ, ಸಿಡಿಮದ್ದು, ಗುಂಡಿ, ಉರುಳು ಬಳಸಿ ಬೇಟೆಯಾಡುವುದು ನಿಷಿದ್ಧ. ಪ್ರಾಣಿಗಳು ನೀರು ಕುಡಿಯಲು, ಉಪ್ಪುಮಣ್ಣು ನೆಕ್ಕಲು ಬರುವ ಜಾಗದಲ್ಲಿ ಹೊಂಚು ಹಾಕುವುದೂ ತಪ್ಪು. ಕೆಲವು ಹಕ್ಕಿಗಳ ಬೇಟೆಗೆ ಬಿಟ್ಟರೆ ನಾಯಿಗಳನ್ನು ಬಳಸುವಂತಿರಲಿಲ್ಲ.

1991ರ ತಿದ್ದುಪಡಿ ಈ ಎಲ್ಲ ಪರವಾನಗಿಗಳನ್ನು ಒಮ್ಮೆಲೇ ರದ್ದು ಮಾಡಿತು. ಆ ವರ್ಷದ ಅಕ್ಟೋಬರ್ 2ರಿಂದ ಜಾರಿಗೆ ಬಂದ ಈ ಬದಲಾವಣೆಯ ಬಳಿಕ ಭಾರತದಲ್ಲಿ ಮೋಜಿನ ಶಿಕಾರಿಗೆ ದಾರಿಯೇ ಉಳಿಯಲಿಲ್ಲ. ಜಿಂಕೆಗೆ ಯಾವ ಕೋವಿ, ಮೊಲಕ್ಕೆ ಯಾವ ಕೋವಿ ಎಂಬ ಪ್ರಶ್ನೆಗೆ ಈಗ ಉತ್ತರ ಒಂದೇ: ಯಾವುದೂ ಇಲ್ಲ.

ಯಾವ ಪ್ರಾಣಿ ಯಾವ ಪಟ್ಟಿಯಲ್ಲಿ?

2022ರಲ್ಲಿ ಕಾಯಿದೆಗೆ ಮತ್ತೆ ತಿದ್ದುಪಡಿಯಾಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಈಗ ಬೇಟೆ ನಿಷೇಧಕ್ಕೆ ಸಂಬಂಧಿಸಿದ ಪ್ರಾಣಿಗಳ ಪಟ್ಟಿ ಎರಡೇ, ಒಂದನೇ ಮತ್ತು ಎರಡನೇ ಅನುಸೂಚಿ. ಜಿಂಕೆ, ಕಡವೆ, ಕಾಡುಕುರಿ, ಮೊಲ, ಕಾಡುಹಂದಿ ಎಲ್ಲವೂ ಈ ಎರಡರಲ್ಲಿ ಒಂದರಲ್ಲಿವೆ. ತುಳುವಿನಲ್ಲಿ ಬರಿಂಕ ಎಂದು ಕರೆಯುವ ಕೂರ, ಜತ್ತ, ಅಕ್ಕಲಕೋಟೆ ಕಡೆಯ ಬಯಲಿನ ಕೃಷ್ಣಮೃಗ, ಎಲ್ಲ ಕಡೆ ಭತ್ತ ಹೆಕ್ಕುವ ನವಿಲು ಇವು ಒಂದನೇ ಅನುಸೂಚಿಯವು. ಕಾಡುಹಂದಿ ಎರಡನೆಯದರಲ್ಲಿದೆ.

ಈ ವ್ಯತ್ಯಾಸ ಕೃಷಿಕರಿಗೆ ಬಹಳ ಮುಖ್ಯ. ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಎರಡನೇ ಅನುಸೂಚಿಯ ಪ್ರಾಣಿಯು ಮನುಷ್ಯನ ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತಂದರೆ ಅದನ್ನು ಕೊಲ್ಲಲು ಅನುಮತಿ ನೀಡಬಹುದು. ನಿಂತ ಬೆಳೆಯೂ ಇಲ್ಲಿ ಆಸ್ತಿಯೇ. ಅನುಮತಿ ನೀಡುವವರು ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ. ಆದೇಶ ಲಿಖಿತವಾಗಿರಬೇಕು, ಕಾರಣ ನಮೂದಾಗಿರಬೇಕು, ಜಾಗವನ್ನು ಗುರುತಿಸಿರಬೇಕು. ಒಂದನೇ ಅನುಸೂಚಿಯ ಪ್ರಾಣಿಗೆ ಬೆಳೆ ಹಾನಿ ಕಾರಣವಾಗುವುದಿಲ್ಲ. ಅದು ಮನುಷ್ಯನ ಜೀವಕ್ಕೆ ಅಪಾಯಕಾರಿಯಾಗಿರಬೇಕು, ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ಊನವೋ ರೋಗವೋ ಆಗಿರಬೇಕು. ಅಂದರೆ ನವಿಲು ಇಡೀ ಗದ್ದೆಯ ಪೈರು ತಿಂದರೂ ಕೋವಿ ಎತ್ತುವಂತಿಲ್ಲ. ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕುವುದೊಂದೇ ದಾರಿ.

ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ. ಆದರೆ ಆ ಹೊತ್ತಿಗೆ ಅವನು ಕಾಯಿದೆಗೆ ವಿರುದ್ಧವಾದ ಕೆಲಸದಲ್ಲಿ ತೊಡಗಿರಬಾರದು. ಕಳ್ಳಬೇಟೆಗೆ ಹೋದವನಿಗೆ ಆತ್ಮರಕ್ಷಣೆಯ ನೆಪ ಸಿಗುವುದಿಲ್ಲ.

ಕತ್ತಿಯೂ ಆಯುಧ, ಬಲೆಯೂ ಆಯುಧ

ಆಯುಧ ಎಂದರೆ ಕೋವಿ ಮಾತ್ರ ಎಂದುಕೊಂಡವರು ಹಲವರು. ವನ್ಯಜೀವಿ ಕಾಯಿದೆಯ ವ್ಯಾಖ್ಯೆ ಅದಕ್ಕಿಂತ ಬಹಳ ಅಗಲ. ತೋಟಾ, ಬಿಲ್ಲು ಬಾಣ, ಸಿಡಿಮದ್ದು, ಕೊಕ್ಕೆ, ಚೂರಿ, ಬಲೆ, ವಿಷ, ಉರುಳು, ಬೋನು ಎಲ್ಲವೂ ಆಯುಧಗಳೇ. ಅದೇ ರೀತಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಓಡಿಸಿಕೊಂಡು ಹೋಗುವುದು, ಸೋಹುವುದು, ಬಲೆ ಒಡ್ಡುವುದು, ಆಮಿಷ ಇಡುವುದು, ಮೊಟ್ಟೆ ತೆಗೆಯುವುದು ಸಹ ಬೇಟೆಯೇ. ಕೊಲ್ಲುವ, ಹಿಡಿಯುವ ಪ್ರಯತ್ನ ಫಲಿಸದಿದ್ದರೂ ಅದು ಬೇಟೆಯೇ. ಉರುಳಿಗೆ ಏನೂ ಬೀಳಲಿಲ್ಲ ಎಂದ ಮಾತ್ರಕ್ಕೆ ಕೇಸು ಬೀಳದೆ ಇರುವುದಿಲ್ಲ.

ಬಳಕೆಯಲ್ಲಿರುವ ಆಯುಧಗಳನ್ನು ಒಂದೊಂದಾಗಿ ನೋಡಬಹುದು.

ಕೇಪಿನ ಕೋವಿ: ಬಾಯಿಯಿಂದ ಮದ್ದು ತುಂಬುವ ಕೋವಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡುವಾಗ ಶಸ್ತ್ರಾಸ್ತ್ರ ಕಾಯಿದೆ ಮೊದಲು ಹೇಳುವುದು ಇದನ್ನೇ. ಇದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಲೈಸೆನ್ಸ್ ನೀಡಬಹುದು.

ತೋಟಾ ಕೋವಿ: ಒಂಟಿ ನಳಿಗೆ, ಜೋಡು ನಳಿಗೆ. ರಕ್ಷಣೆ ಅಥವಾ ಕ್ರೀಡೆಗೆ ಕೇಳುವ ನುಣುಪು ನಳಿಗೆಯ ಕೋವಿಯ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷವಾಗಿದೆ.

ಕಳ್ಳಕೋವಿ: ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸಜೆ ಹಾಗೂ ದಂಡ. ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸಿದರೆ, ಮಾರಿದರೆ, ರಿಪೇರಿ ಮಾಡಿದರೆ ಕನಿಷ್ಠ ಏಳು ವರ್ಷ, ಜೀವಾವಧಿಯೂ ಆಗಬಹುದು. ಊರಿನ ಕುಲುಮೆಯಲ್ಲಿ ಸಣ್ಣ ಕೆಲಸ ಮಾಡಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಏರ್‌ಗನ್: 0.177 ಇಂಚಿನೊಳಗಿನ ನಳಿಗೆ, 20 ಜೂಲ್ ಮೀರದ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಅದರಿಂದ ಕಾಯಿದೆಯ ಪಟ್ಟಿಯಲ್ಲಿರುವ ಹಕ್ಕಿಗೋ ಅಳಿಲಿಗೋ ಹೊಡೆದರೆ ಬೇಟೆಯ ಕೇಸು ತಪ್ಪುವುದಿಲ್ಲ. ಕೋವಿಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಪ್ರಾಣಿಗೆ ರಕ್ಷಣೆ ಇಲ್ಲ ಎಂದಲ್ಲ.

ಸಿಡಿಮದ್ದು, ಉರುಳು, ಕರೆಂಟು: ಇವುಗಳಿಗೆ ಯಾವ ಕಚೇರಿಯಿಂದಲೂ ಅನುಮತಿ ಸಿಗುವುದಿಲ್ಲ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಸಿಡಿಮದ್ದು ಬಾಯಲ್ಲಿ ಸಿಡಿದು ಗರ್ಭಿಣಿ ಆನೆ ಸತ್ತದ್ದು ದೇಶವೆಲ್ಲ ತಿಳಿದ ಸುದ್ದಿ. ಹಂದಿಗೆ ಇಟ್ಟದ್ದು ಹಂದಿಯೇ ತಿನ್ನಬೇಕೆಂದಿಲ್ಲ. ಹಸು ತಿನ್ನಬಹುದು, ಮಗು ಮುಟ್ಟಬಹುದು. ಬೇಲಿಗೆ ನೇರವಾಗಿ ಕರೆಂಟು ಹಾಯಿಸಿದಾಗ ಸಾಯುವುದು ಅನೇಕ ಬಾರಿ ಬೆಳಗ್ಗೆ ಹುಲ್ಲಿಗೆ ಹೋದ ನೆರೆಯವರು. ಸೋಲಾರ್ ಬೇಲಿ ಬೇರೆ. ಅದು ಬಿಟ್ಟು ಬಿಟ್ಟು ಸಣ್ಣ ಶಾಕ್ ಕೊಟ್ಟು ಹೆದರಿಸುತ್ತದೆ, ಕೊಲ್ಲುವುದಿಲ್ಲ.

ಕೇರಳದಲ್ಲಿ ಪಂಚಾಯತಿಗೆ ಅಧಿಕಾರ

ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿ ಎಂದು ಘೋಷಿಸಿ ಎಂದು ಕೇರಳ ಕೇಂದ್ರವನ್ನು ಹಲವು ಬಾರಿ ಕೇಳಿದೆ. ಕಾಯಿದೆಯ 62ನೇ ಸೆಕ್ಷನ್ನಿನ ಈ ಅಧಿಕಾರ ಕೇಂದ್ರದ್ದು ಮಾತ್ರ. 2015-16ರಲ್ಲಿ ಬಿಹಾರ, ಉತ್ತರಾಖಂಡ, ಹಿಮಾಚಲ ಪ್ರದೇಶಗಳ ಕೆಲವು ಭಾಗಗಳಿಗೆ ಬೇರೆ ಬೇರೆ ಪ್ರಾಣಿಗಳ ವಿಷಯದಲ್ಲಿ ಸೀಮಿತ ಅವಧಿಗೆ ಇಂಥ ಘೋಷಣೆಯಾಗಿತ್ತು. ಕೇರಳದ ಕೋರಿಕೆಗೆ ಕೇಂದ್ರ ಒಪ್ಪಲಿಲ್ಲ.

ಹಾಗಾಗಿ 2022ರ ಮೇ ತಿಂಗಳಲ್ಲಿ ರಾಜ್ಯ ಸರಕಾರ 11ನೇ ಸೆಕ್ಷನ್ನಿನ ದಾರಿ ಹಿಡಿಯಿತು. ಪಂಚಾಯತು ಅಧ್ಯಕ್ಷರು, ನಗರಸಭಾಧ್ಯಕ್ಷರು, ಮೇಯರುಗಳನ್ನು ಗೌರವ ವನ್ಯಜೀವಿ ವಾರ್ಡನ್ ಎಂದೂ, ಕಾರ್ಯದರ್ಶಿಗಳನ್ನು ಅಧಿಕೃತ ಅಧಿಕಾರಿಗಳೆಂದೂ ನೇಮಿಸಿತು. ಬೆಳೆಗೆ, ಜೀವಕ್ಕೆ ತೊಂದರೆ ಕೊಡುವ ಕಾಡುಹಂದಿಯನ್ನು ಕೊಲ್ಲಲು ಇವರು ಆದೇಶ ನೀಡಬಹುದು. ಮೊದಲು ಒಂದು ವರ್ಷಕ್ಕೆಂದು ಬಂದ ಈ ವ್ಯವಸ್ಥೆಯನ್ನು ಬಳಿಕ ವಿಸ್ತರಿಸಲಾಯಿತು. ಅವಧಿ ಇಟ್ಟು ವಿಸ್ತರಿಸುವ ಆದೇಶವಾದ್ದರಿಂದ, ಸದ್ಯ ಜಾರಿಯಲ್ಲಿದೆಯೇ ಎಂದು ಪ್ರತಿ ಸಲವೂ ಪಂಚಾಯತು ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಇಲ್ಲೂ ಷರತ್ತುಗಳಿವೆ. ಈಡು ಹೊಡೆಯುವವರು ಲೈಸೆನ್ಸ್ ಇರುವ ಕೋವಿಯವರಾಗಿರಬೇಕು. ವಿಷ, ಸಿಡಿಮದ್ದು, ಕರೆಂಟು ಬಳಸುವಂತಿಲ್ಲ. ಜನರಿಗೆ, ಆಸ್ತಿಗೆ, ಬೇರೆ ಪ್ರಾಣಿಗೆ ಅಪಾಯವಾಗಬಾರದು. ಸತ್ತ ಹಂದಿಯನ್ನು ಸರಿಯಾದ ರೀತಿಯಲ್ಲಿ ಹೂಳಬೇಕು, ಪಂಚಾಯತಿನ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಮಾಂಸ ಮನೆಗೆ ಕೊಂಡುಹೋಗುವಂತಿಲ್ಲ, ಹಂಚುವಂತಿಲ್ಲ, ಮಾರುವಂತಿಲ್ಲ.

2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ವನ್ಯಜೀವಿ ಕಾಯಿದೆಗೆ ತನ್ನದೇ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಕೇಂದ್ರ ಕಾಯಿದೆಗೆ ರಾಜ್ಯ ತರುವ ಇಂಥ ತಿದ್ದುಪಡಿ ರಾಷ್ಟ್ರಪತಿಗಳ ಅಂಕಿತ ಸಿಕ್ಕ ಮೇಲಷ್ಟೇ ಜಾರಿಗೆ ಬರುತ್ತದೆ. ಮಸೂದೆ ಪಾಸಾಯಿತು ಎಂಬ ಸುದ್ದಿ ಓದಿ ಕೋವಿ ಹಿಡಿದು ಹೊರಡುವುದು ತರವಲ್ಲ.

ತಮಿಳುನಾಡಿನಲ್ಲಿ ಬೇರೆ ಲೆಕ್ಕ

ತಾಳವಾಡಿ, ನೀಲಗಿರಿಯ ರೈತರಿಗೆ ಕೇರಳದ ನಿಯಮ ಅನ್ವಯಿಸುವುದಿಲ್ಲ. ತಮಿಳುನಾಡು ಸರಕಾರ 2025ರ ಜನವರಿಯಲ್ಲಿ ಪ್ರಕಟಿಸಿದ ಕ್ರಮದಂತೆ ಮೀಸಲು ಅರಣ್ಯದ ಅಂಚಿನಿಂದ ಒಂದು ಕಿಲೋಮೀಟರ್ ಒಳಗೆ ಹಂದಿಗೆ ಈಡು ಹೊಡೆಯುವಂತಿಲ್ಲ. ಒಂದರಿಂದ ಮೂರು ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು. ಮೂರು ಕಿ.ಮೀ. ಆಚೆ ಮಾತ್ರ ಹೊಡೆಯಬಹುದು. ಹೊಡೆಯುವವರೂ ಅರಣ್ಯ ಇಲಾಖೆಯವರು, ರೈತರಲ್ಲ. ಕಾಡಿನ ಅಂಚಿಗೆ ಅಂಟಿಕೊಂಡಂತೆ ಹೊಲ ಇರುವ ತಾಳವಾಡಿ ಕಡೆಯವರಿಗೆ ಇದರಿಂದ ಸಿಗುವ ಪ್ರಯೋಜನ ಕಡಿಮೆ.

ಅಭಯಾರಣ್ಯದ ಹತ್ತಿರದ ಊರುಗಳಿಗೆ ಇನ್ನೆರಡು ನಿಯಮಗಳಿವೆ. ಲಿಖಿತ ಅನುಮತಿ ಇಲ್ಲದೆ ಯಾವ ಆಯುಧದೊಂದಿಗೂ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಅಭಯಾರಣ್ಯದಿಂದ ಹತ್ತು ಕಿ.ಮೀ. ಒಳಗಿನವರು ತಮ್ಮ ಲೈಸೆನ್ಸನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ವಾರ್ಡನ್ನರ ಒಪ್ಪಿಗೆ ಬೇಕು. ವಯನಾಡು, ಮುದುಮಲೆ, ಸತ್ಯಮಂಗಲದ ಸುತ್ತಲಿನವರ ಅರ್ಜಿಗಳು ಕಚೇರಿಯಿಂದ ಕಚೇರಿಗೆ ಸುತ್ತುವುದಕ್ಕೆ ಇದೂ ಒಂದು ಕಾರಣ.

ತೋಡು ದಾಟಿದರೆ?

ಗಡಿಯವರ ನಿಜವಾದ ತೊಡಕು ಇಲ್ಲಿದೆ. ಪ್ರತಿ ಲೈಸೆನ್ಸಿನಲ್ಲೂ ಅದು ಎಲ್ಲಿಯವರೆಗೆ ಊರ್ಜಿತ ಎಂದು ಬರೆದಿರುತ್ತದೆ. ಕೆಲವಕ್ಕೆ ಜಿಲ್ಲೆ, ಕೆಲವಕ್ಕೆ ರಾಜ್ಯ, ಕೆಲವಕ್ಕೆ ಇಡೀ ದೇಶ. ಬೆಳೆ ರಕ್ಷಣೆಯ ಲೈಸೆನ್ಸಿನ ವ್ಯಾಪ್ತಿ ಸಾಮಾನ್ಯವಾಗಿ ಇನ್ನೂ ಕಿರಿದು. ಕಾಸರಗೋಡು ಜಿಲ್ಲೆಗೆ ಸೀಮಿತವಾದ ಕೋವಿಯನ್ನು ಹೊತ್ತು ಸುಳ್ಯ, ಪುತ್ತೂರಿನ ಕಡೆಯ ಸಂಬಂಧಿಕರ ತೋಟಕ್ಕೆ ಹೋದರೆ ಅದು ಷರತ್ತಿನ ಉಲ್ಲಂಘನೆ. ಇದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಲೈಸೆನ್ಸ್ ರದ್ದಾಗುವ ಭಯವೂ ಇದೆ.

ಪಂಚಾಯತಿನ ಆದೇಶವೂ ಆ ಪಂಚಾಯತಿಗಷ್ಟೇ. ಈಚೆ ಈಡು ತಿಂದ ಹಂದಿ ತೋಡು ದಾಟಿ ಆಚೆ ಹೋದರೆ ಬೆನ್ನು ಹತ್ತುವಂತಿಲ್ಲ. ಅಲ್ಲಿ ಕೇರಳದ ಆದೇಶಕ್ಕೆ ಬೆಲೆಯಿಲ್ಲ. ಆಚೆಯ ಅರಣ್ಯ ಇಲಾಖೆಯವರಿಗೆ ತಿಳಿಸುವುದೇ ಸರಿಯಾದ ಕ್ರಮ. ಎರಡೂ ರಾಜ್ಯದಲ್ಲಿ ಜಮೀನಿರುವವರು ಲೈಸೆನ್ಸ್ ನವೀಕರಿಸುವಾಗಲೇ ಎರಡೂ ಕಡೆಯ ದಾಖಲೆ ತೋರಿಸಿ, ವ್ಯಾಪ್ತಿ ವಿಸ್ತರಿಸಿಕೊಡಲು ಕೇಳಬಹುದು.

ಕೊಡಗಿನ ಉದಾಹರಣೆ ಕೊಡುವವರೂ ಇದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಗಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಇರುವ ವಿನಾಯಿತಿ. ಕೈಲ್ ಪೋಳ್ದ್ ದಿನ ಕೋವಿಗೆ ಪೂಜೆ ಮಾಡಬಹುದು. ಪೂಜೆಯ ಮಾರನೆಯ ದಿನ ಕಡವೆಗೆ ಹೊಡೆದರೆ ಕೊಡವರಿಗೂ ಕೇಸು ತಪ್ಪದು.

ದೈವದ ಬೇಟೆ, ಕಾಡಿನ ಹಕ್ಕು

ಬೇಟೆ ಈ ನಾಡಿನ ನಂಬಿಕೆಯಲ್ಲೂ ಬೆರೆತಿದೆ. ಕಾಸರಗೋಡಿನ ವಯನಾಟ್ ಕುಲವನ್ ದೈವಂಕಟ್ಟಿನಲ್ಲಿ ಬಪ್ಪಿಡಲ್ ಎಂಬ ಆಚರಣೆಗೆ ಬೇಟೆಯ ನಂಟಿದೆ. ವಯನಾಡಿನ ಕುರಿಚಿಯರು ಬಿಲ್ಲುಗಾರಿಕೆಗೆ ಹೆಸರಾದವರು. ಆದರೆ ಆಚರಣೆ ಎಂಬ ಕಾರಣಕ್ಕೆ ವನ್ಯಜೀವಿ ಕಾಯಿದೆ ವಿನಾಯಿತಿ ಕೊಟ್ಟಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಜನರ ಪಾರಂಪರಿಕ ಹಕ್ಕುಗಳನ್ನು ಮಾನ್ಯ ಮಾಡುವಾಗಲೂ ಬೇಟೆಯ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ನಂಬಿಕೆಯನ್ನು ಉಳಿಸಿಕೊಂಡು ಬೇಟೆಯನ್ನು ಬಿಡುವುದು ಹೇಗೆ ಎಂಬುದನ್ನು ಊರವರೇ ಕುಳಿತು ಯೋಚಿಸಬೇಕಾಗಿದೆ.

ಸಿಕ್ಕಿಬಿದ್ದರೆ ಏನಾಗುತ್ತದೆ?

ಎರಡನೇ ಅನುಸೂಚಿಯ ಪ್ರಾಣಿಯಾದರೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಒಂದನೇ ಅನುಸೂಚಿಯ ಪ್ರಾಣಿಯಾದರೆ, ಅಥವಾ ಅಭಯಾರಣ್ಯದೊಳಗಿನ ಬೇಟೆಯಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸಜೆ ಹಾಗೂ ಕನಿಷ್ಠ 25 ಸಾವಿರ ರೂಪಾಯಿ ದಂಡ. ಬೇಟೆಗೆ ಬಳಸಿ ಜಪ್ತಿಯಾದ ಕೋವಿ, ಜೀಪು, ಬೈಕು ಸರಕಾರದ ಪಾಲಾಗುತ್ತವೆ. ಶಿಕ್ಷೆಯಾದರೆ ಕೋವಿಯ ಲೈಸೆನ್ಸ್ ರದ್ದುಮಾಡಿ, ಐದು ವರ್ಷ ಹೊಸ ಲೈಸೆನ್ಸ್ ಸಿಗದಂತೆ ನ್ಯಾಯಾಲಯ ಆದೇಶಿಸಬಹುದು. ಅಷ್ಟು ವರ್ಷ ತೋಟ ಕಾಯಲು ಕೋವಿಯೇ ಇರುವುದಿಲ್ಲ.

ಮಾಂಸ ತಿಂದವರೂ ಸುರಕ್ಷಿತರಲ್ಲ. ಮನೆಯಲ್ಲಿ ಕಾಡುಪ್ರಾಣಿಯ ಮಾಂಸ ಸಿಕ್ಕರೆ ಅದು ಅಕ್ರಮವಲ್ಲ ಎಂದು ತೋರಿಸುವ ಹೊಣೆ ಮನೆಯವರದೇ. ರಸ್ತೆಯಲ್ಲಿ ವಾಹನ ಬಡಿದು ಸತ್ತ ಮೊಲವೂ ಸರಕಾರದ ಸೊತ್ತು. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕು.

ಎಲ್ಲಕ್ಕಿಂತ ದೊಡ್ಡ ನಷ್ಟ ಮನುಷ್ಯ ಜೀವದ್ದು. ಕತ್ತಲೆಯಲ್ಲಿ ಪೊದೆ ಅಲುಗಿತೆಂದು ಹಂದಿಯೆಂದೇ ತಿಳಿದು ಹೊಡೆದ ಈಡು ಜೊತೆಗಾರನಿಗೋ ನೆರೆಯವನಿಗೋ ತಗುಲಿದ ದುರಂತಗಳು ಗಡಿಯ ಎರಡೂ ಕಡೆ ನಡೆದಿವೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯಡಿ ಐದು ವರ್ಷದವರೆಗೆ ಸಜೆ ಇದೆ. ಸಜೆ ಮುಗಿದರೂ ಒಂದೇ ಊರಿನಲ್ಲಿ ಆ ಎರಡು ಮನೆಗಳು ಮುಖ ನೋಡಿಕೊಂಡು ಬಾಳಬೇಕು.

ಕೃಷಿಕರು ಗಮನಿಸಬೇಕಾದದ್ದು

* ಲೈಸೆನ್ಸಿನ ಪುಸ್ತಕದಲ್ಲಿ ವ್ಯಾಪ್ತಿ, ಅವಧಿ, ಷರತ್ತುಗಳನ್ನು ಓದಿಸಿ ತಿಳಿದುಕೊಳ್ಳಿ. ಮಲಯಾಳ, ತಮಿಳು, ಇಂಗ್ಲಿಷ್ ಓದಲು ಬಾರದಿದ್ದರೆ ಬಲ್ಲವರಿಂದ ಕೇಳಿ. ಓದದೆ ಸಹಿ ಹಾಕಿದೆ ಎಂಬ ಮಾತು ಕೋರ್ಟಿನಲ್ಲಿ ನಡೆಯದು.
* ಹಂದಿ ಕಾಟದ ದೂರನ್ನು ಬರವಣಿಗೆಯಲ್ಲಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲೇ ಅರ್ಜಿ ಬರೆಯಬಹುದು.
* ಆದೇಶ ಕೈಗೆ ಬರುವ ಮೊದಲು ಈಡು ಬೇಡ. ಬಾಯಿ ಮಾತಿನ ಒಪ್ಪಿಗೆ ಒಪ್ಪಿಗೆಯಲ್ಲ.
* ನಿಮ್ಮ ಕೋವಿಯನ್ನು ಮಗನಿಗಾಗಲಿ, ಕೆಲಸದವನಿಗಾಗಲಿ ಕೊಟ್ಟು ಕಳಿಸಬೇಡಿ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ.
* ದಾರಿಯಲ್ಲಿ ಒಯ್ಯುವಾಗ ಕೋವಿ ಖಾಲಿ ಇರಲಿ. ಜಾತ್ರೆ, ಮೆರವಣಿಗೆ, ಸಭೆಗೆ ಕೊಂಡುಹೋಗಬೇಡಿ.
* ಚುನಾವಣೆ ಕಾಲದಲ್ಲಿ ಕೋವಿ ಒಪ್ಪಿಸಬೇಕೆಂಬ ಆದೇಶ ಬಂದರೆ ಒಪ್ಪಿಸಿ ರಶೀದಿ ಪಡೆಯಿರಿ. ಹಂದಿ ಕಾಟ ಹೆಚ್ಚಿದ್ದರೆ ವಿನಾಯಿತಿ ಕೋರಿ ಮೊದಲೇ ಅರ್ಜಿ ಹಾಕಿ.
* ಬೆಳೆ ಹಾನಿಯಾದ ಬೆಳಗ್ಗೆಯೇ ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ ಕೊಡಿ. ಜಾಗ ಸರಿಪಡಿಸಿದ ಮೇಲೆ ಹಾನಿ ತೋರಿಸುವುದು ಕಷ್ಟ.

ಕಾಯಿದೆ ಬರೆದವರು ರಾತ್ರಿ ತೋಟ ಕಾಯುವವರಲ್ಲ ಎಂಬ ಕೃಷಿಕರ ಅಸಮಾಧಾನದಲ್ಲಿ ಹುರುಳಿದೆ. ಮೂರು ರಾಜ್ಯಗಳ ನಡುವೆ ಓಡಾಡುವ ಒಂದೇ ಹಂದಿ ಹಿಂಡಿಗೆ ಮೂರು ಬಗೆಯ ನಿಯಮಗಳಿರುವುದು ವಿಚಿತ್ರವೇ ಸರಿ. ಅದು ಬದಲಾಗಬೇಕಾದರೆ ಗ್ರಾಮಸಭೆಯಿಂದ ವಿಧಾನಸಭೆಯವರೆಗೆ ಒತ್ತಾಯ ಹೋಗಬೇಕು. ಅಲ್ಲಿಯವರೆಗೆ, ಅಂಗಳಕ್ಕಿಳಿಯುವ ಮೊದಲು ಕೋವಿಯ ಜೊತೆಗೆ ಕಾಗದವೂ ಸರಿಯಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.